ನೂರು ಎಣಿಸುವ ತನಕ

ಎಡಗಾಲಿಗೆ ಬೂಟು, ಬಲಗಾಲು ಬರಿದು. ಬಲಗಾಲಿನ ಹೆಬ್ಬೆರಳಿನ ಉಗುರು ಯಾವಾಗಲೋ ಹೊಲಿಗೆ ಯಂತ್ರದ ಪೆಡಲಿಗೆ ಸಿಕ್ಕಿ ಸೀಳಿ, ಎರಡು ಹೋಳಾಗಿಯೇ ಬೆಳೆದಿತ್ತು. ಆ ಸೀಳಿನೊಳಗೆ ಕಪ್ಪು ಮಣ್ಣು ಸೇರಿಕೊಂಡಿತ್ತು. ಮೈಮೇಲೆ ಉಣ್ಣೆಯ ಕೋಟು, ತಲೆಗೆ ಕಂದು ಬಣ್ಣದ ಓಢಣಿ, ಕೊರಳಲ್ಲಿ ಹಳದಿ ಅಳತೆ ಟೇಪು. ಹಿತ್ತಿಲ ಬೇಲಿಯ ಪಕ್ಕದ ಮಡಿಯಲ್ಲಿ ಆ ಬರಿಗಾಲನ್ನು ಊರಿ ನಿಂತು ಅವರು ಗಟ್ಟಿಯಾಗಿ ಎಣಿಸುತ್ತಿದ್ದರು. ಮೂವತ್ತೆಂಟಕ್ಕೆ ಕಾಲು ಎಳೆದುಕೊಂಡರು. ಕೋಟಿನ ಜೇಬಿನಿಂದ ಕಾಲುಚೀಲ ತೆಗೆದು ಹಾಕಿಕೊಳ್ಳುತ್ತ, "ಇನ್ನಾ ಆಗಿಲ್ಲ" ಎಂದು ಮಣ್ಣಿಗೇ ಹೇಳಿದರು.

ಅದು ಏಪ್ರಿಲ್ ಮೊದಲ ವಾರ. ನಾನು ಮೇಲಿನ ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ, ಉಗುರನ್ನು ಹತ್ತಿರದಿಂದ ಕಂಡದ್ದು ಆಮೇಲೆ. ಮಿಶಿಗನ್‌ನ ಡಿಯರ್‌ಬಾರ್ನ್‌ನಲ್ಲಿ ಆ ಹಳೆಯ ಇಟ್ಟಿಗೆ ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದು ನಾಲ್ಕು ದಿನ ಆಗಿತ್ತು. ಕೆಳಗೆ ಅವರೊಬ್ಬರೇ ಇದ್ದರು. ನನ್ನ ಫೋನಿನಲ್ಲಿ ಅವರ ಹೆಸರಿನ ಜಾಗದಲ್ಲಿ 'ಕೆಳಮನೆ ಆಂಟಿ' ಎಂದು ಬರೆದುಕೊಂಡಿದ್ದೆ. ಕೊನೆಯವರೆಗೂ ಅದು ಹಾಗೆಯೇ ಇತ್ತು.

ಆಂಟಿ ಸವಣೂರಿನವರು. ತಂದೆಗೆ ಎಲೆಬಳ್ಳಿಯ ತೋಟವಿತ್ತಂತೆ. ಮದುವೆಯಾಗಿ ಗಂಡನ ಜೊತೆ ಇಲ್ಲಿಗೆ ಬಂದು, ಇಬ್ಬರೂ ಸೇರಿ ಬಟ್ಟೆ ಸರಿಮಾಡಿಕೊಡುವ ಸಣ್ಣ ಅಂಗಡಿ ಇಟ್ಟು ಇಪ್ಪತ್ತು ವರ್ಷದ ಮೇಲಾಗಿತ್ತು. ಜೀನ್ಸ್ ಗಿಡ್ಡ ಮಾಡುವುದು, ಜಿಪ್ ಹಾಕುವುದು, ಮದುವಣಗಿತ್ತಿಯರ ಗೌನಿಗೆ ಬಿಗಿ ಕೊಡುವುದು. ಅಂಕಲ್ ನಾನು ಬರುವುದಕ್ಕೆ ಎರಡು ವರ್ಷ ಮೊದಲು ಹೋಗಿಬಿಟ್ಟಿದ್ದರು. ಮಗಳು ಟ್ರಾಯ್‌ನಲ್ಲಿದ್ದಳು, ಇಪ್ಪತ್ತೈದು ಮೈಲಿ. ಅಂಗಡಿಯನ್ನು ಆಂಟಿ ಒಬ್ಬರೇ ನಡೆಸುತ್ತಿದ್ದರು. ಬಾಯಲ್ಲಿ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡು ಗಿರಾಕಿಯ ಜೊತೆ ಮಾತಾಡುತ್ತಿದ್ದರು. ಒಂದೂ ಬೀಳುತ್ತಿರಲಿಲ್ಲ. ಗಿರಾಕಿಯ ಜೊತೆ ಇಂಗ್ಲಿಷು, ಮನೆಯಲ್ಲಿ ಉರ್ದು, ನನ್ನ ಜೊತೆ ಕನ್ನಡ, ಆದರೆ ಎಣಿಕೆ ಮಾತ್ರ ಯಾವಾಗಲೂ ಕನ್ನಡದಲ್ಲಿ. ತಂದೆ ಎಲೆಗಳನ್ನು ನೂರು ನೂರರಂತೆ ಎಣಿಸಿ ಕಟ್ಟುವಾಗ ಪಕ್ಕದಲ್ಲಿ ಕೂತು ಕಲಿತದ್ದಂತೆ.

ನನ್ನ ಕೆಲಸ ಏನೆಂದು ಕೇಳಿದರು. ಹತ್ತಿರದ ಕಾರು ಕಂಪನಿಯ ಲ್ಯಾಬಿನಲ್ಲಿ ಒಂದು ಶೀತಕೋಣೆ ಇದೆ, ಬಾಗಿಲಿನ ರಬ್ಬರು ಎಷ್ಟು ಚಳಿಗೆ ಬಿರುಕು ಬಿಡುತ್ತದೆ ಎಂದು ಅಲ್ಲಿ ಅಳೆಯುತ್ತೇನೆ ಎಂದೆ.

"ಚಳಿ ಅಳಿಯೋದಾ?" ಪಿನ್ನು ತೆಗೆದು ನನ್ನನ್ನೇ ನೋಡಿದರು. "ಇಲ್ಲಿ ಅದನ್ನೂ ಅಳೀಬೇಕಾ? ಬಾಗಿಲಾ ತಗದು ನಿಂತರ ಸಾಕಲ್ಲ."

ನನಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ, ಈಗಲೂ ಅಷ್ಟೆ. ಆ ವರ್ಷ ಹೆಚ್ಚೇ ಇತ್ತು. ಲ್ಯಾಬಿನ ಕೆಲಸ ಇನ್ನೆಷ್ಟು ದಿನ ಎಂದು ಯಾರೂ ಸರಿಯಾಗಿ ಹೇಳುತ್ತಿರಲಿಲ್ಲ. ವೀಸಾದ ಕಾಗದಗಳು ಎಲ್ಲೋ ಸಿಕ್ಕಿಕೊಂಡಿದ್ದವು. ನಾನು ಶಿಕಾಗೊ ಕಡೆ ಒಂದಾದ ಮೇಲೊಂದು ಅರ್ಜಿ ಹಾಕುತ್ತಿದ್ದೆ. ಸಂಜೆ ಆಫೀಸಿನಿಂದ ಬಂದವಳು ಅಡುಗೆಮನೆಯಿಂದ ಕಿಟಕಿಗೆ, ಕಿಟಕಿಯಿಂದ ಅಡುಗೆಮನೆಗೆ ನಡೆಯುತ್ತಲೇ ಇರುತ್ತಿದ್ದೆ. ಇದನ್ನು ಯಾರಿಗೂ ಹೇಳಿರಲಿಲ್ಲ. ಆದರೆ ಹಳೆಯ ಮರದ ನೆಲ ಎಲ್ಲವನ್ನೂ ಕೆಳಗೆ ಹೇಳುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಕೆಳಗಿನಿಂದ ಎರಡು ಸಲ ಟಕ್ ಟಕ್ ಎಂದು ಶಬ್ದ ಬರುತ್ತಿತ್ತು. ಆಂಟಿ ಬಟ್ಟೆ ಅಳೆಯುವ ಗಜಕಡ್ಡಿಯಿಂದ ಸೂರನ್ನು ಕುಟ್ಟುತ್ತಿದ್ದರು. ಅದು ಬೈಗುಳ ಎಂದುಕೊಂಡು ಮೊದಲ ಸಲ ಕ್ಷಮೆ ಕೇಳಲು ಕೆಳಗಿಳಿದೆ. ಚಹ ಬಸಿದಿಟ್ಟಿದ್ದರು.

"ನೆಲಾ ಸವದು ಒಂದಿನ ನನ್ನ ತಲಿಮ್ಯಾಲೆ ಬೀಳ್ತಿ ನೋಡು. ಕುಂದರು." ಕೂತೆ. "ಹಂಗಲ್ಲ. ಪೂರಾ ಕುಂದರು."

ಕುರ್ಚಿಯ ತುದಿಯಲ್ಲಿ ಕೂರುವುದು ನನ್ನ ಅಭ್ಯಾಸ. ಅದನ್ನು ಗಮನಿಸಿ ಹೇಳಿದವರು ಅವರೊಬ್ಬರೇ.

ಆ ಅಡುಗೆಮನೆಯ ಕಿಟಕಿಕಟ್ಟೆಯ ಮೇಲೆ ಸಾಲಾಗಿ ಮೊಸರಿನ ಖಾಲಿ ಕಪ್ಪುಗಳಿದ್ದವು. ಒಂದೊಂದರಲ್ಲಿ ಒಂದು ಗಿಡ, ನನ್ನ ಕಿರುಬೆರಳಿನಷ್ಟು ಎತ್ತರ, ಕೆಂಪು ಛಾಯೆಯ ದಂಟು. ಎಲೆ ಮುಟ್ಟಿದೆ. ವಾಸನೆ ಬಂದ ಕೂಡಲೇ ಗುರುತಾಯಿತು. ತುಮಕೂರಿನಲ್ಲಿ ನನ್ನ ಅಜ್ಜಿ ಮಲ್ಲಿಗೆಯ ನಡುವೆ ಸೇರಿಸಿ ಕಟ್ಟುತ್ತಿದ್ದ ಕಾಮಕಸ್ತೂರಿ ಅದು.

"ನಾವು ಸಬ್ಜಾ ಅಂತೀವಿ," ಎಂದರು ಆಂಟಿ. "ನಮ್ಮ ಕಡಿ ಗೋರಿ ತಲಿಕಡೆ ಹಚ್ಚತಾರ. ಹಸರು ಇರೋತನಕಾ ಗಿಡ ದೇವರ ಹೆಸರು ತಗೋತಿರತೈತಂತ, ಕೆಳಗ ಮಲಗಿದವರಿಗೆ ತಂಪು. ನಮ್ಮವ್ವ ಹೇಳಿದ್ದು. ಖರೇನೋ ಸುಳ್ಳೋ, ವಾಸನಿ ಅಂತೂ ಖರೇ."

ಆ ಬೀಜ ಅವರ ತಾಯಿಯ ಗೋರಿಯ ಮೇಲಿನ ಗಿಡದ್ದು. ತಾಯಿ ತೀರಿಕೊಂಡ ಮರುವರ್ಷ ಸವಣೂರಿಗೆ ಹೋಗಿದ್ದಾಗ ತೆನೆ ಕಿತ್ತು ತಂದದ್ದು. ಅದನ್ನು ಅಂಗಡಿಯ ಗುಂಡಿಗಳ ತಗಡಿನ ಡಬ್ಬಿಯಲ್ಲಿ ಇಟ್ಟಿದ್ದರು. ಮೊದಲು ಹಿತ್ತಿಲಲ್ಲಿ ಬೆಳೆಸುತ್ತಿದ್ದರಂತೆ. ಅಂಕಲ್ ಹೋದ ಮೇಲೆ ಮನೆಯಲ್ಲಿ ಒಂದನ್ನೂ ಇಟ್ಟುಕೊಳ್ಳಲಿಲ್ಲ. ಪ್ರತಿ ವಸಂತದಲ್ಲಿ ಎಲ್ಲ ಸಸಿಯೂ ಊರ ಹೊರಗಿನ ಸ್ಮಶಾನಕ್ಕೆ, ಅಂಕಲ್ ತಲೆಯ ಹತ್ತಿರಕ್ಕೆ. ಅಲ್ಲಿ ಬೇರೆ ಬೇರೆ ದೇಶಗಳ ಮನೆತನದವರು ಮಲಗಿದ್ದರು. ಗೋರಿಗೆ ಈ ಗಿಡ ಹಚ್ಚುವವರು ಇವರೊಬ್ಬರೇ.

ಈ ಗಿಡ ಚಳಿ ತಾಳುವುದೇ ಇಲ್ಲ. ಕೊತ್ತಂಬರಿ ತಾಳುತ್ತದೆ, ಪುದೀನ ಹಿಮದಡಿ ಸತ್ತಂತೆ ಮಲಗಿ ಮತ್ತೆ ಏಳುತ್ತದೆ. ಸಬ್ಜಾ ಒಂದು ಮುಂಜಾವಿನ ಇಬ್ಬನಿ ಗಡ್ಡೆಕಟ್ಟಿದರೂ ಮುಗಿಯಿತು. ಆದ್ದರಿಂದ ಇಡೀ ಪ್ರಶ್ನೆ ಯಾವಾಗ ಎಂಬುದು. ನನ್ನ ಲ್ಯಾಬಿನವರೆಲ್ಲ ಮೇ ಎರಡನೇ ಭಾನುವಾರದ ಮದರ್ಸ್ ಡೇ ಕಳೆದ ಮೇಲೆ ನೆಡುತ್ತಾರೆ ಎಂದೆ.

"ಮಣ್ಣಿಗೆ ಯಾರು ಹೇಳ್ಯಾರ ಮದರ್ಸ್ ಡೇ ಅಂತ?" ಎಂದರು. "ಬರಿಗಾಲಿಟ್ಟು ನೂರು ಎಣಿಸಬೇಕು. ಕಾಲು ಎಳಕೋಬೇಕು ಅನ್ನಿಸಬಾರದು. ಬೇರಿಗೇನು ಬೂಟು ಇರತಾವೇನು? ನನ್ನ ಕಾಲು ತಾಳಲಾರದ್ದು ಅದು ಹೆಂಗ ತಾಳತೈತಿ?"

ಆ ವರ್ಷ ಅವರ ಜೊತೆ ನಾನೂ ತಿರುಗಿದೆ. ಏಪ್ರಿಲ್ ಕೊನೆಯಿಂದ ಕಪ್ಪುಗಳನ್ನು ದಿನಕ್ಕೆ ಒಂದು ಗಂಟೆ ಹೊರಗಿನ ಮೆಟ್ಟಿಲ ಮೇಲಿಡುವುದು, ಆಮೇಲೆ ಎರಡು ಗಂಟೆ, ಆಮೇಲೆ ಅರ್ಧ ದಿನ. ಇದಕ್ಕೆ ಅವರು ಬಾಲವಾಡಿ ಎನ್ನುತ್ತಿದ್ದರು. "ಬಾಲವಾಡಿ ಬಿಟ್ಟೈತಿ, ಒಳಗ ಕರಕೊಂಡ್ ಬಾ" ಎಂದು ಅಂಗಡಿಯಿಂದ ಫೋನು ಮಾಡುತ್ತಿದ್ದರು. ಗಾಳಿ ಜೋರಾದರೆ ಅಂಕಲ್‌ನ ಹಳೆಯ ಅಂಗಿಗಳನ್ನು ಹೊದಿಸುತ್ತಿದ್ದರು. ಹಿತ್ತಿಲಿನಲ್ಲಿ ನೂರು ಬಂದ ಮೇಲೂ ಸ್ಮಶಾನಕ್ಕೆ ಹೋಗಿ ಅಲ್ಲಿ ಬೇರೆಯಾಗಿ ಕಾಲಿಟ್ಟು ನೋಡಿದರು. ಎಪ್ಪತ್ತಕ್ಕೇ ಎಳೆದುಕೊಂಡರು. "ಇಲ್ಲಿ ತಗ್ಗು. ಮನಿಗಿಂತ ಒಂದು ವಾರ ತಡಾ," ಎಂದರು. ನಾನು ಕೇಳಿಸಿಕೊಂಡೆ. ಕೇಳಿಸಿಕೊಂಡದ್ದು ಚೆನ್ನಾಗಿ ನೆನಪಿದೆ.

ಅಂಕಲ್ ತೀರಿಕೊಂಡದ್ದು ಜೂನ್ ಮೊದಲ ವಾರದಲ್ಲಂತೆ. ಸಬ್ಜಾ ನೆಡಲು ಹೇಳಿಮಾಡಿಸಿದ ಹೊತ್ತು. ಆದರೆ ವರ್ಷದ ದಿನವನ್ನು, ಅವರು ಬರ್ಸಿ ಎನ್ನುವುದನ್ನು, ಆಂಟಿ ಚಾಂದ್ರಮಾನದ ಲೆಕ್ಕದಲ್ಲೇ ಹಿಡಿಯುತ್ತಿದ್ದರು. ಅವರ ಆ ಲೆಕ್ಕದಲ್ಲಿ ಅಧಿಕಮಾಸ ಇಲ್ಲ, ದಿನ ವರ್ಷಕ್ಕೆ ಹನ್ನೊಂದು ದಿನ ಹಿಂದೆ ಸರಿಯುತ್ತದೆ. ನಾನು ಬಂದ ವರ್ಷ ಮೇ ನಡುವಿಗೆ ಬಂದಿತ್ತು. ಅಂದಿಗೆ ಸರಿಯಾಗಿ ಮಣ್ಣೂ ನೂರು ಕೊಟ್ಟಿತು, ಅದೃಷ್ಟ. ಮುಂದಿನ ವರ್ಷ ಮೇ ಮೊದಲ ವಾರ, ಅದರ ಮುಂದಿನ ವರ್ಷ ಏಪ್ರಿಲ್. ಹತ್ತು ವರ್ಷಕ್ಕೆ ಜನವರಿ ಆಗುತ್ತದೆ ಎಂದು ನಾನು ಕಾಗದದ ಮೇಲೆ ತೋರಿಸಿದೆ.

"ಚಂದ್ರನಿಗೆ ಗಡಿಬಿಡಿ, ಮಣ್ಣಿಗಿಲ್ಲ. ಇಬ್ಬರ ನಡುವ ನಾ ಏನ್ ಮಾಡ್ಲಿ?" ಎಂದರು. ಆಮೇಲೆ ನನ್ನ ಕಾಗದ ಮಡಿಚುತ್ತ, "ಜನವರಿಗೆ ಬರೋದರಾಗ ನಾನೂ ಅಲ್ಲೇ ಇರತೀನಿ ತಗೋ. ಚಿಂತಿ ನಿನಗ."

ಆ ಶರತ್ಕಾಲದಲ್ಲಿ ಹಿಮ ಬೇಗ ಬಿತ್ತು. ಗೋರಿಯ ಮೇಲಿನ ಗಿಡಗಳ ತೆನೆ ಹಸಿಯಾಗಿದ್ದಾಗಲೇ ಕಪ್ಪಾದವು, ಒಂದು ಬೀಜವೂ ಬಲಿಯಲಿಲ್ಲ. ಆದ್ದರಿಂದ ಎರಡನೆಯ ವಸಂತದಲ್ಲಿ ಆಂಟಿ ಗುಂಡಿ ಡಬ್ಬಿಯನ್ನು ತಲೆಕೆಳಗು ಮಾಡಿ ತಟ್ಟಿ, ಮೂಲೆಯಲ್ಲಿ ಅಂಟಿದ್ದನ್ನೂ ಸೂಜಿಯ ತುದಿಯಿಂದ ಬಿಡಿಸಿ ಬಿತ್ತಿದರು. ಮೂವತ್ತೊಂದು ಸಸಿ ಬಂದವು. ಸವಣೂರಿನದೆಂದು ಉಳಿದದ್ದು ಇಷ್ಟೇ.

ಏಪ್ರಿಲ್ ಕೊನೆಯ ವಾರ ಅಂಗಡಿಯಲ್ಲಿ ಅವರಿಗೆ ಉಸಿರು ಹಿಡಿದುಕೊಂಡಿತು. ಹೃದಯ ಎಂದರು. ಮಗಳು ರಜೆ ಹಾಕಿ ಆಸ್ಪತ್ರೆಯಲ್ಲಿ ಕೂತಳು. ಸಸಿಗಳು ಮೇಲೆ ನನ್ನ ಅಡುಗೆಮನೆಗೆ ಬಂದವು. ನೋಡಲು ಹೋದಾಗ ಆಂಟಿ ಕೊಳವೆಗಳ ನಡುವೆ ಮಲಗಿದ್ದರು. ನರ್ಸು ತೆಗೆದಿಟ್ಟ ಹಳದಿ ಟೇಪು ದಿಂಬಿನ ಪಕ್ಕದಲ್ಲಿ ಸುತ್ತಿಕೊಂಡು ಕೂತಿತ್ತು.

"ನೀನ ನೆಡಬೇಕು ಈ ಸಲಾ," ಎಂದರು. "ಬರ್ಸಿ ದಿನಾನ ಆಗಬೇಕಂತ ಇಲ್ಲ. ಅವರೇನು ಎದ್ದು ಹೋಗಂಗಿಲ್ಲ. ನೂರು ಬರೋತನಕಾ ಕಾಯಿ."

ಕಾಯುವುದು ನನ್ನಿಂದ ಆಗಲಿಲ್ಲ. ಆ ವಾರವೇ ಶಿಕಾಗೊ ಹತ್ತಿರದ ಹಾಫ್‌ಮನ್ ಎಸ್ಟೇಟ್ಸ್‌ನ ಒಂದು ಕಂಪನಿಯವರು ಮೂರನೇ ಇಂಟರ್‌ವ್ಯೂ ಮುಗಿಸಿ ಸುಮ್ಮನಾಗಿದ್ದರು. ದಿನಕ್ಕೆ ಹತ್ತು ಸಲ ಮೇಲ್ ತೆರೆದು ನೋಡುತ್ತಿದ್ದೆ. ಆಸ್ಪತ್ರೆಯಲ್ಲಿ ಡಾಕ್ಟರ್ ಏನೂ ಖಚಿತವಾಗಿ ಹೇಳುತ್ತಿರಲಿಲ್ಲ. ಸಂಜೆ ಮಹಡಿಯಲ್ಲಿ ನಡೆಯುತ್ತಿದ್ದರೆ ಕೆಳಗಿನಿಂದ ಯಾರೂ ಕುಟ್ಟುತ್ತಿರಲಿಲ್ಲ. ಬರ್ಸಿಯ ದಿನ ಹತ್ತಿರ ಬಂದಿತ್ತು. ಅಂದು ಹೋಗಿ ನೆಟ್ಟು, ನೆಟ್ಟೆ ಎಂದು ಹೇಳಿದರೆ ಅವರಿಗೆ ಸಮಾಧಾನ ಎಂದುಕೊಂಡೆ. ಒಂದಾದರೂ ಕೆಲಸ ಮುಗಿದರೆ ನನಗೆ ಸಮಾಧಾನ ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ.

ನಾನು ಅಂದಾಜಿನ ಮೇಲೆ ಹೋಗಲಿಲ್ಲ. ಲ್ಯಾಬಿನಿಂದ ಥರ್ಮಾಮೀಟರು ತೆಗೆದುಕೊಂಡು ಹೋಗಿ ನಾಲ್ಕು ಇಂಚು ಆಳಕ್ಕೆ ಚುಚ್ಚಿದೆ. ಐವತ್ತೆರಡು ಡಿಗ್ರಿ ಫ್ಯಾರನ್‌ಹೀಟ್. ರಾತ್ರಿಯ ಕನಿಷ್ಠ ಮೂವತ್ತೊಂಬತ್ತು ಎಂದು ಫೋನು ಹೇಳುತ್ತಿತ್ತು, ನೀರು ಹೆಪ್ಪುಗಟ್ಟುವುದು ಮೂವತ್ತೆರಡಕ್ಕೆ. ಹಿಂದಿನ ಹಲವು ವರ್ಷಗಳ ಕೊನೆಯ ಹಿಮದ ಸರಾಸರಿ ದಿನ ಆಗಲೇ ಕಳೆದಿತ್ತು. ಬೂಟು ಬಿಚ್ಚಬೇಕು ಎಂದು ಬಗ್ಗಿದೆ. ಎರಡು ಗೋರಿ ಆಚೆ ಒಂದು ಕುಟುಂಬ ಮಡಚುವ ಕುರ್ಚಿ ಹಾಕಿ ಕೂತಿತ್ತು. ಒಬ್ಬ ಮುದುಕರು, ಇಬ್ಬರು ಹೆಂಗಸರು. ಮುದುಕರು ನನ್ನ ಕಡೆ ನೋಡಿ ತಲೆಯಾಡಿಸಿದರು. ಒಂಟಿಯಾಗಿ, ಪರಿಚಯವಿಲ್ಲದವರ ಮುಂದೆ, ಒಂದು ಕಾಲು ಬರಿದು ಮಾಡಿ ಗಟ್ಟಿಯಾಗಿ ಎಣಿಸುತ್ತ ನಿಲ್ಲುವುದು ನನ್ನಿಂದ ಆಗಲಿಲ್ಲ. ಬೂಟಿನ ಲೇಸನ್ನು ಇನ್ನಷ್ಟು ಬಿಗಿ ಮಾಡಿಕೊಂಡು ಎದ್ದೆ. ಮೂವತ್ತೊಂದನ್ನೂ ನೆಟ್ಟೆ.

ಎರಡು ದಿನ ಬಿಟ್ಟು ನೀರು ಹಾಕಲು ಹೋದಾಗ ಎಲ್ಲವೂ ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಮಣ್ಣಿಗೆ ಅಂಟಿದ್ದವು. ಫೋನಿನ ಮೂವತ್ತೊಂಬತ್ತು ವಿಮಾನ ನಿಲ್ದಾಣದ್ದು. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ಚಳಿ ನೀರಿನ ಹಾಗೆ ತಗ್ಗಿಗೆ ಹರಿದು ನಿಲ್ಲುತ್ತದೆ. ಸರಾಸರಿ ದಿನ ಎಂದರೆ ಅದರ ಆಚೆಗೂ ಎಷ್ಟೋ ವರ್ಷ ಹಿಮ ಬಿದ್ದಿದೆ ಎಂದೇ ಅರ್ಥ. ಎರಡೂ ನನಗೆ ಕಾಲೇಜಿನಲ್ಲೇ ಗೊತ್ತಿತ್ತು. ಚಳಿ ಅಳೆಯುವುದೇ ನನ್ನ ಕೆಲಸವಾಗಿತ್ತು.

ಅಲ್ಲಿಂದ ನೇರ ಆಸ್ಪತ್ರೆಗೆ ಹೋದೆ. ಹೇಳಿಬಿಡಬೇಕು ಎಂದೇ ಹೋದದ್ದು.

"ನೆಟ್ಟಿ ಏನು?"

"ನೆಟ್ಟೆ ಆಂಟಿ."

"ಹೆಂಗದಾವ?"

ಅವರ ಮುಖ ಸಣ್ಣದಾಗಿತ್ತು. ಮಗಳು ಪಕ್ಕದಲ್ಲಿ ನಿದ್ದೆಗಣ್ಣಲ್ಲಿ ಕೂತಿದ್ದಳು. "ಚೆನ್ನಾಗಿವೆ," ಎಂದೆ.

ಆಮೇಲೆ ದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಎಷ್ಟು ಎಲೆ ಬಂದಿವೆ ಎಂದರೆ ಎಷ್ಟೆಂದು ಹೇಳಬೇಕಾಗುತ್ತಿತ್ತು. ನಾಲ್ಕು, ಆಮೇಲೆ ಆರು. ಸುಳ್ಳನ್ನೂ ನಾನು ಸರಿಯಾದ ವೇಗದಲ್ಲಿ ಬೆಳೆಸಿದೆ. ಮೇ ಕೊನೆಯಲ್ಲಿ ನರ್ಸರಿಯೊಂದಕ್ಕೆ ಹೋಗಿ ಎಂಟು ಕುಂಡ ಬೇಸಿಲ್ ತಂದು ಅಲ್ಲಿ ನೆಟ್ಟೆ. ದೊಡ್ಡ ಎಲೆಯದು, ಇಟಲಿಯವರ ಅಡುಗೆಗೆ ಹಾಕುವಂಥದ್ದು. ಜಾತಿ ಒಂದೇ ಎಂದು ನನಗೆ ನಾನೇ ಹೇಳಿಕೊಂಡೆ. ಹಾಫ್‌ಮನ್ ಎಸ್ಟೇಟ್ಸ್‌ನಿಂದ ಕೆಲಸದ ಪತ್ರವೂ ಅದೇ ವಾರ ಬಂತು. ಆಗಸ್ಟಿಗೆ ಬನ್ನಿ ಎಂದಿದ್ದರು. ಇಷ್ಟು ದಿನ ಕಾದದ್ದು ಕೈಗೆ ಬಂದಿತ್ತು, ಆದರೂ ನಡೆಯುವುದು ನಿಲ್ಲಲಿಲ್ಲ.

ಆಂಟಿ ಮನೆಗೆ ಬಂದು ಸ್ವಲ್ಪ ಚೇತರಿಸಿಕೊಂಡದ್ದು ಜೂನ್ ನಡುವಿಗೆ. ಮೊದಲು ಕೇಳಿದ್ದೇ ಸ್ಮಶಾನಕ್ಕೆ ಕರೆದುಕೊಂಡು ಹೋಗು ಎಂದು. ಹನ್ನೆರಡು ಮೈಲಿ ಡ್ರೈವ್ ಮಾಡಿದೆ. ದಾರಿಯಲ್ಲಿ ಪ್ರತಿ ಎಕ್ಸಿಟ್ ಬಂದಾಗಲೂ ಇಲ್ಲಿ ಹೊರಳಿ ನಿಲ್ಲಿಸಿ ಹೇಳಿಬಿಡೋಣ ಎಂದುಕೊಂಡೆ. ಹೇಳಲಿಲ್ಲ.

ಅವರು ಗೋರಿಯ ಪಕ್ಕ ನಿಧಾನವಾಗಿ ಕೂತು ಪ್ರಾರ್ಥನೆ ಮುಗಿಸಿದರು. ಒಂದು ಎಲೆ ಕಿತ್ತು ಹೊಸಕಿ ಮೂಗಿಗೆ ಹಿಡಿದರು.

"ಇದು ಪಿಜ್ಜಾ," ಎಂದರು.

ನಾನು ನನ್ನ ಬೂಟು ನೋಡಿಕೊಂಡೆ.

"ನಿಮ್ಮ ಅಂಕಲ್‌ಗೆ ಪಿಜ್ಜಾ ಸೇರತಿದ್ದಿಲ್ಲ. ಮಗಳು ತರಸಿದರ ಎದ್ದು ಹೊರಗ ಹೋಗತಿದ್ದರು. ಈಗ ಎಲ್ಲಿ ಹೋಗಬೇಕು ಅವರು?"

ನಗುತ್ತಿದ್ದಾರೋ ಇಲ್ಲವೋ ತಿಳಿಯಲಿಲ್ಲ. ನಾನು ನಿಂತಲ್ಲೇ ಎಲ್ಲ ಹೇಳಿದೆ. ಥರ್ಮಾಮೀಟರು, ಮೂವತ್ತೊಂಬತ್ತು, ಎರಡು ದಿನ, ಎಂಟು ಕುಂಡ. ಅವರು ಅಡ್ಡ ಮಾತಾಡದೆ ಕೇಳಿದರು.

"ಎಲ್ಲಾ ಹೋದ್ವಾ?"

"ಎಲ್ಲಾ."

"ಕಾಲಿಟ್ಟು ನೋಡಿದ್ದೇನು?"

"ಇಲ್ಲ. ಪಕ್ಕದಲ್ಲಿ ಜನ ಇದ್ದರು."

ಆಗ ಅವರು ನನ್ನನ್ನು ದಿಟ್ಟಿಸಿ ನೋಡಿದರು. "ಜನಕ್ಕ ನಾಚಿ ಕೊಂದಿ ಹಂಗಾರ," ಎಂದರು. ಹೊಸಕಿದ ಎಲೆಯನ್ನು ಕೆಳಗೆ ಹಾಕಿ, "ಸಸಿ ಸತ್ತದ್ದಕ್ಕ ನಾ ಏನೂ ಅನ್ನಂಗಿಲ್ಲ. ನಾನೂ ಕೊಂದೀನಿ, ಹೊಸದಾಗಿ ಬಂದಾಗ. ಆರು ಎಲಿ ಬಂದಾವ ಅಂದ್ಯಲ್ಲ, ಅದಕ್ಕ ಅಂತೀನಿ. ಮಲಗಿದಲ್ಲೇ ಕಣ್ಣು ಮುಚ್ಚಿ ಆ ಆರು ಎಲಿ ನೋಡ್ತಿದ್ದೆ ನಾನು."



ಅವರು ನರ್ಸರಿಯ ಗಿಡಗಳನ್ನು ಒಂದೊಂದಾಗಿ ಕೀಳತೊಡಗಿದರು. ಸಿಟ್ಟಿನಿಂದಲ್ಲ, ತಪ್ಪು ಹೊಲಿಗೆ ಬಿಚ್ಚುವಾಗ ಎಳೆಯನ್ನು ಹಿಡಿದು ಎಳೆಯುವ ಹಾಗೆ. ನಾಲ್ಕನೆಯದರ ಬುಡದಲ್ಲಿ ಅವರ ಕೈ ನಿಂತಿತು. ಕನ್ನಡಕ ಹಣೆಗೇರಿಸಿ ಬಗ್ಗಿದರು. ಅಕ್ಕಿಕಾಳಿನಷ್ಟು ಅಗಲದ ಎಲೆಗಳು, ಎರಡು, ಅದರ ಮೇಲೆ ಮತ್ತೆರಡು. ಕೆಂಪು ದಂಟು. ಸುತ್ತ ಹುಡುಕಿದೆವು. ಏಳು ಇದ್ದವು.

"ಇವು ಎಲ್ಲಿಂದ ಬಂದ್ವು?" ಎಂದೆ. "ನರ್ಸರಿ ಗಿಡ ಇನ್ನೂ ಹೂವೇ ಬಿಟ್ಟಿಲ್ಲ. ಹೋದ ವರ್ಷ ಬೀಜ ಆಗಲಿಲ್ಲ."

"ಅದರ ಹಿಂದಿಂದು," ಎಂದರು ಆಂಟಿ. "ಆಗ ಉದರಿದ್ದು. ಎರಡು ಚಳಿಗಾಲ ಒಳಗ ಕುಂತಿದ್ವು." ಒಂದು ಪುಟ್ಟ ಎಲೆಯನ್ನು ಉಗುರಿನ ತುದಿಯಿಂದ ಚಿವುಟಿ ಮೂಸಿ, ನನ್ನ ಮೂಗಿಗೂ ಹಿಡಿದರು. ಅಜ್ಜಿಯ ಮಾಲೆಯ ವಾಸನೆ. "ನೋಡು, ನಿನ್ನ ಫೋನೂ ಕೇಳಿಲ್ಲ ಇವು, ನನ್ನ ಕಾಲೂ ಕೇಳಿಲ್ಲ."

ಆಮೇಲೆ ಅವರಿಗೆ ನಗು ಬಂತು. ಎದೆ ಹಿಡಿದುಕೊಂಡು ನಕ್ಕರು. ಕಿತ್ತ ಬೇಸಿಲನ್ನು ಕಟ್ಟಿ ನನ್ನ ಕೈಗೆ ಕೊಟ್ಟು, ಇದನ್ನು ಚಟ್ನಿ ಮಾಡಿ ನೀನೇ ತಿನ್ನಬೇಕು, ಶಿಕ್ಷೆ ಎಂದರು. ಮೂರು ದಿನ ತಿಂದೆ.

ಆಗಸ್ಟಿನಲ್ಲಿ ನಾನು ಹಾಫ್‌ಮನ್ ಎಸ್ಟೇಟ್ಸ್‌ಗೆ ಬಂದೆ, ಮುನ್ನೂರು ಮೈಲಿ ದೂರ, ಗಡಿಯಾರದಲ್ಲಿ ಒಂದು ಗಂಟೆ ಹಿಂದೆ. ಭಾನುವಾರ ಅವರೇ ಫೋನು ಮಾಡುತ್ತಿದ್ದರು. "ಪೂರಾ ಕುಂತಿಯೇನು?" ಎಂದು ಮೊದಲು ಕೇಳಿ, ಆಮೇಲೆ ಮಾತು. ಇಲ್ಲಿಗೆ ಹತ್ತಿರದ ಲೆಮಾಂಟ್ ದೇವಸ್ಥಾನದ ಕ್ಯಾಂಟೀನಿನಲ್ಲಿ ನನ್ನ ವಯಸ್ಸಿನ ಹೆಂಗಸರು ತುಳಸಿಯನ್ನು ಯಾವಾಗ ಒಳಗೆ ತರಬೇಕೆಂದು ವಾದ ಮಾಡುತ್ತಿದ್ದುದನ್ನು ಹೇಳಿದರೆ, "ಅವರಿಗೂ ಕಾಲು ಕೊಟ್ಟಾನಲ್ಲ ದೇವರು" ಎಂದರು. ಆ ಏಳು ಗಿಡ ಸೆಪ್ಟೆಂಬರಿನಲ್ಲಿ ಬೀಜ ಕಟ್ಟಿದವು. ಕೋಟಿನ ಒಳಬಟ್ಟೆಯ ತುಂಡಿನಲ್ಲಿ ಹೊಲಿದ ಒಂದು ಸಣ್ಣ ಚೀಲ ಅಂಚೆಯಲ್ಲಿ ಬಂತು. ಒಳಗೆ ಆ ಬೀಜದಲ್ಲಿ ಅರ್ಧ ಪಾಲು. ಚೀಟಿ ಇರಲಿಲ್ಲ. ಬಾಯಿಗೆ ಒಂದು ಗುಂಡಿ ಹಾಕಿದ್ದರು.

ಫೆಬ್ರವರಿಯಲ್ಲಿ ಆಂಟಿ ತೀರಿಕೊಂಡರು. ಮಗಳು ಬೆಳಿಗ್ಗೆ ಫೋನು ಮಾಡಿದಾಗ ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿದ್ದೆ. ಹಾಗೇ ಹೆದ್ದಾರಿ ಹಿಡಿದೆ. ಅಂಕಲ್ ಪಕ್ಕದ ನೆಲ ಕಲ್ಲಾಗಿತ್ತು, ಯಂತ್ರ ತಂದು ಒಡೆದಿದ್ದರು. ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದು, ಹೊಸ ಮಣ್ಣಿನ ಹೆಂಟೆಗಳ ಮೇಲೆ ಹಿಮ ಬೀಳುತ್ತಿತ್ತು.

ಮಾರ್ಚಿನಲ್ಲಿ ಬಿತ್ತಿದೆ. ಅರ್ಧದಲ್ಲಿ ಅರ್ಧ ಮಾತ್ರ. ಉಳಿದದ್ದು ಚೀಲದಲ್ಲೇ ಇದೆ. ಇಪ್ಪತ್ತು ಸಸಿ ಬಂದವು. ಏಪ್ರಿಲಿನಲ್ಲಿ ಮಗಳು ಮತ್ತೆ ಫೋನು ಮಾಡಿದಳು. ಅವಳು ಇಲ್ಲೇ ಹುಟ್ಟಿದವಳು. ಕನ್ನಡ ಅಮ್ಮನಿಂದ ಕಿವಿಯಲ್ಲಿ ಬಿದ್ದಷ್ಟೇ.

"ಅಬ್ಬಾ ಬರ್ಸಿ ನೆಕ್ಸ್ಟ್ ಸಂಡೇ ಐತಿ," ಎಂದಳು. "ಅಮ್ಮಿಗೆ ಹಚ್ಚೋದು ಫಸ್ಟ್ ಟೈಮ್. ಇಬ್ಬರಿಗೂ ಅವತ್ತೇ ಪ್ಲಾಂಟ್ ಮಾಡಬೇಕು ನನಗ. ಪ್ಲೀಸ್. ಬರೀ ಮಣ್ಣು ನೋಡಾಕ ಆಗವಲ್ದು." ಆಮೇಲೆ, "ಪ್ಲಾಂಟ್ ಮಾಡೋ ಡೇಟ್ ನಿನಗ ಗೊತ್ತಿರತೈತಿ ಅಂದಿದ್ಲು ಅಮ್ಮಿ."

ಏಪ್ರಿಲ್ ಇನ್ನೂ ಮುಗಿದಿರಲಿಲ್ಲ. ಆಗುವುದಿಲ್ಲ ಎಂದು ನನಗೆ ಬಹುಪಾಲು ಗೊತ್ತಿತ್ತು. ಅಳುತ್ತಿರುವವಳಿಗೆ ಫೋನಿನಲ್ಲಿ ಅದನ್ನು ಹೇಳಲಾಗಲಿಲ್ಲ. ಆದರೂ ಬರುತ್ತೇನೆ ಎಂದಷ್ಟೇ ಹೇಳಿದೆ, ನೆಡೋಣ ಎನ್ನಲಿಲ್ಲ. ಶನಿವಾರ ಕಪ್ಪುಗಳನ್ನು ಒಂದು ರಟ್ಟಿನ ಡಬ್ಬದಲ್ಲಿಟ್ಟು, ಪಕ್ಕದ ಸೀಟಿಗೆ ಬೆಲ್ಟ್ ಹಾಕಿ, ಹೀಟರ್ ಹಚ್ಚಿಕೊಂಡು ಹೊರಟೆ. ಮಿಶಿಗನ್ ಗಡಿ ದಾಟುವತನಕ ಮೂರು ಕಡೆ ನಿಲ್ಲಿಸಿ ಎಲೆ ಮುಟ್ಟಿ ನೋಡಿದೆ.

ಸಂಜೆ ಮನೆ ತಲುಪಿದಾಗ ಮಗಳು ಸಾಮಾನು ಕಟ್ಟುತ್ತಿದ್ದಳು. ಅಡುಗೆಮನೆಯಲ್ಲಿ ಕುರ್ಚಿ ಎರಡೇ ಉಳಿದಿದ್ದವು. ಮಹಡಿಗೆ ಹೊಸ ಬಾಡಿಗೆಯವರು ಬಂದಿದ್ದರು, ಅವರು ನಡೆಯುವುದು ಕೇಳುತ್ತಿತ್ತು. ಆ ಶಬ್ದ ಕೆಳಗೆ ಹೇಗಿರುತ್ತದೆ ಎಂದು ನನಗೆ ಅಂದೇ ಗೊತ್ತಾದದ್ದು. ತಲೆ ಎತ್ತಿದೆ. ಬಿಳಿ ಸೂರಿನಲ್ಲಿ, ಕಿಟಕಿಯಿಂದ ಒಲೆಯ ತನಕ, ನನ್ನ ನಡಿಗೆಯ ದಾರಿಯುದ್ದಕ್ಕೂ ಗಜಕಡ್ಡಿಯ ತುದಿ ತಾಗಿದ ಸಣ್ಣ ಬೂದು ಗುರುತುಗಳಿದ್ದವು, ಎರಡೆರಡು. ಮಗಳು ಚಹ ತಂದಿಟ್ಟಳು. ನಾನು ಬೆನ್ನನ್ನು ಹಿಂದಕ್ಕೆ ಒರಗಿಸಿ ಪೂರಾ ಕೂತು ಕುಡಿದೆ.

ಮರುದಿನ ಬೆಳಿಗ್ಗೆ ಇಬ್ಬರೂ ಸ್ಮಶಾನಕ್ಕೆ ಹೋದೆವು. ಬಿಸಿಲಿತ್ತು, ಪಕ್ಕದ ಸಾಲಿನಲ್ಲಿ ಎರಡು ಕುಟುಂಬಗಳಿದ್ದವು. ನಾನು ಬಲಗಾಲಿನ ಬೂಟು ಬಿಚ್ಚಿ, ಕಾಲುಚೀಲವನ್ನು ಕೋಟಿನ ಜೇಬಿನಲ್ಲಿಟ್ಟು, ಎರಡು ಗೋರಿಗಳ ನಡುವೆ ಪಾದ ಊರಿ ಗಟ್ಟಿಯಾಗಿ ಎಣಿಸಿದೆ. ಒಂದು ಮಗು ಹತ್ತಿರ ಬಂದು ನೋಡುತ್ತ ನಿಂತಿತು. ಅರವತ್ತನಾಲ್ಕಕ್ಕೆ ಕಾಲು ಎತ್ತಿದೆ.

"ಸೋ?" ಎಂದಳು ಮಗಳು. ಅವಳ ಕೈಯಲ್ಲಿ ಆಗಲೇ ಒಂದು ಕ‍ಪ್ಪು ಇತ್ತು.

"ಇನ್ನೂ ಆಗಿಲ್ಲ," ಎಂದೆ. "ಇವತ್ತು ನೆಟ್ಟರೆ ಸಾಯುತ್ತವೆ. ಮತ್ತೆ ಬರುತ್ತೇನೆ."

ಅವಳು ಕಪ್ಪನ್ನು ತಕ್ಷಣ ಕೊಡಲಿಲ್ಲ. ಕೊಟ್ಟ ಮೇಲೆ ನಾನು ಇಪ್ಪತ್ತನ್ನೂ ಡಬ್ಬಕ್ಕೆ ಸೇರಿಸಿ, ಬೆಲ್ಟ್ ಹಾಕಿ, ಹೀಟರ್ ಹಚ್ಚಿ, ಮುನ್ನೂರು ಮೈಲಿ ವಾಪಸ್ ಹೊರಟೆ.